ಬೀಳಗಿಯ ಕೋಗಿಲೆ ಅಮೀರಬಾಯಿ ಕರ್ನಾಟಕಿ

ಈ ಸಲದ ಸಂಚಿಕೆಗೆ ಎಲ್ಲರೂ ಏನಾದರೂ ಬರೆದು ಕೊಡಲೇಬೇಕು ಅಂತ ನಮ್ಮ ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ಬೆವರು ಬಂತು. ಕವನ ನನಗೆ ಬಾರದು. ಕಥೆ ಬರೆಯುವಷ್ಟು ಅನುಭವವಿಲ್ಲ. ನಾನು ಕಾಮರ್ಸ್ ಓದುವವ. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದು, ಕೆಳಗೆ ಎರಡೂ ಮೊತ್ತ ಕೂಡಿ ಬಂದರೆ ಸಾಕು, ಆ ದಿನ ಸುಖವಾಗಿ ನಿದ್ದೆ ಮಾಡುವ ಜಾತಿ. ಆದರೂ ಒಬ್ಬ ಹೆಣ್ಣುಮಗಳ ಜೀವನದ ಲೆಕ್ಕ ಕೆಲವು ತಿಂಗಳಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಎಷ್ಟು ಸಲ ಕೂಡಿಸಿದರೂ ಎರಡೂ ಬದಿ ಸರಿ ಬರುತ್ತಿಲ್ಲ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. ತಪ್ಪಿದ್ದರೆ ತಿದ್ದಿರಿ.

ಮೊದಲು ನನ್ನ ಕಡೆಯ ಒಂದು ಸಣ್ಣ ಮಾತು. ನಮ್ಮ ಅಡ್ಡಹೆಸರು ಒಂದು ಊರಿನ ಹೆಸರು. ಆ ಊರು ಈಗ ಭೂಮಿಯ ಮೇಲಿಲ್ಲ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ನಾನು ಕಲಿತದ್ದು ಪುನರ್ವಸತಿ ಕೇಂದ್ರದ ಕನ್ನಡ ಶಾಲೆಯಲ್ಲಿ. ಹತ್ತನೆಯ ಇಯತ್ತೆ ಮುಗಿದ ಮೇಲೆ ಮುಂಬೈಗೆ ಕಾಕಾನ ಮನೆಗೆ ಬಂದೆ. ಕಾಲೇಜಿನ ಮೊದಲ ವಾರದಲ್ಲಿ ಪಕ್ಕದಲ್ಲಿ ಕೂತ ಹುಡುಗರು ನನ್ನ ಅಡ್ಡಹೆಸರು ಕೇಳಿ ಇದೆಂಥ ಹೆಸರು, ಯಾವ ಕಡೆಯದು ಅಂತ ನಕ್ಕರು. ನನ್ನ ಇಂಗ್ಲಿಷು ಹರಕು, ಹಿಂದಿ ಅದಕ್ಕಿಂತ ಹರಕು. ಸುಮ್ಮನೆ ಸೋಲಾಪುರದ ಕಡೆ ಅಂತ ಹೇಳಿ ತಪ್ಪಿಸಿಕೊಂಡೆ. ಅಲ್ಲಿಂದ ಮುಂದೆ ಎರಡು ವರ್ಷ ವಹಿಯ ಮೇಲೆ ನನ್ನ ಹೆಸರು, ಅಪ್ಪನ ಹೆಸರು ಬರೆದೆನೇ ಹೊರತು ಅಡ್ಡಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿಬಿಟ್ಟಿದ್ದೆ.

ಒಂದು ರವಿವಾರ ಕಾಕಾ ರೇಡಿಯೋದಲ್ಲಿ ಹಳೆಯ ಹಿಂದಿ ಹಾಡು ಕೇಳುತ್ತಾ ಕೂತಿದ್ದ. ಮೋಡಗಳನ್ನು ಕುರಿತು, ಸದ್ದು ಮಾಡದೆ ಮೆಲ್ಲಗೆ ಬನ್ನಿ ಅಂತ ಬೇಡಿಕೊಳ್ಳುವ ಜೋಗುಳದಂಥ ಹಾಡು. ದನಿಯಲ್ಲಿ ಸ್ವಲ್ಪ ಮೂಗಿನ ಎಳೆ, ಆದರೆ ತುಂಬು ದನಿ, ಹತ್ತಿರ ಕೂತು ತಲೆ ಸವರಿದ ಹಾಗೆ. ಹಾಡು ಮುಗಿದ ಮೇಲೆ ಹಾಡಿದವರ ಹೆಸರು ಹೇಳಿದರು. ಅಮೀರಬಾಯಿ ಕರ್ನಾಟಕಿ. ನಾನು ಕಿವಿ ನಿಮಿರಿಸಿದೆ. ಈ ಕರ್ನಾಟಕಿ ಅಂದರೆ ಯಾರು ಅಂತ ಕಾಕಾನನ್ನು ಕೇಳಿದೆ. ಆಕೆ ಬೀಳಗಿಯವರು, ನಮ್ಮ ಹಳೇ ಊರಿನಿಂದ ಬಸ್ಸಿಗೆ ಒಂದು ತಾಸಿನ ದಾರಿ ಅಂತ ಕಾಕಾ ಸಹಜವಾಗಿ ಹೇಳಿ ಚಹಾ ಕುಡಿಯಲು ಹೋದ. ನನಗೆ ಮಾತ್ರ ಆ ದಿನವೆಲ್ಲ ಬೇರೆ ಏನೂ ಓದಲು ಆಗಲಿಲ್ಲ.

ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯ ತಾಲೂಕು ಸ್ಥಳ. ಆದರೆ ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ಅದೆಲ್ಲ ಬಿಜಾಪುರ ಜಿಲ್ಲೆಯೇ. ಅಮೀರಬಾಯಿ ಹುಟ್ಟಿದ ಕಾಲಕ್ಕೆ ಆ ಬಿಜಾಪುರ ಜಿಲ್ಲೆ ಮುಂಬೈ ಇಲಾಖೆಗೆ ಸೇರಿತ್ತು. ಅಂದರೆ ಕೋರ್ಟು ಕಚೇರಿಯ ದೊಡ್ಡ ಕೆಲಸಕ್ಕೂ ಮುಂಬೈ, ನಾಟಕದ ದೊಡ್ಡ ಕಂಪನಿ ಬರುವುದೂ ಮುಂಬೈ-ಪುಣೆ ಕಡೆಯಿಂದ. ಮನೆಯೊಳಗೆ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಕಂಪನಿಯ ರಂಗದ ಮೇಲೆ ಮರಾಠಿ ಪದ, ಇದು ಆ ಸೀಮೆಯ ಎಷ್ಟೋ ಮುಸಲ್ಮಾನ ಮನೆಗಳ ದಿನದ ಬದುಕು. ಬಿಜಾಪುರದ ನೆಲಕ್ಕೆ ಸಂಗೀತ ಹೊಸದೇನಲ್ಲ. 1580ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಂ ಆದಿಲಶಾಹಿ ತಾನೇ ಹಾಡು ಕಟ್ಟಿ, ದಖನಿಯಲ್ಲಿ ಕಿತಾಬ್-ಎ-ನೌರಸ್ ಎಂಬ ಸಂಗೀತದ ಗ್ರಂಥ ಬರೆದ ಅರಸ. ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿನಲ್ಲಿ ಸ್ತುತಿಸಿದ ಸುಲ್ತಾನ. ಅಂಥ ಮಣ್ಣಿನಲ್ಲಿ ಹುಟ್ಟಿದ ಹುಡುಗಿಗೆ ಭಜನೆಯೂ ಬೇಕು, ಕವ್ವಾಲಿಯೂ ಬೇಕು. ಎರಡರ ನಡುವೆ ಗೋಡೆ ಕಾಣಿಸಲಿಕ್ಕಿಲ್ಲ.

ಅಮೀರಬಾಯಿಯವರದು ಹಾಡು, ನಾಟಕ ಎರಡೂ ಬಲ್ಲ ಮನೆ. ಐದು ಜನ ಅಕ್ಕತಂಗಿಯರು. ಅವರಲ್ಲಿ ಇಬ್ಬರ ಹೆಸರು ಉಳಿಯಿತು. ಒಬ್ಬರು ಅಮೀರಬಾಯಿ, ಇನ್ನೊಬ್ಬರು ಗೋಹರಬಾಯಿ. ಇಬ್ಬರೂ ಮುಂಬೈಗೆ ಬಂದರು. ಬಂದು ಇಬ್ಬರೂ ಹೆಸರಿನ ಮುಂದೆ ಕರ್ನಾಟಕಿ ಅಂತ ಹಚ್ಚಿಕೊಂಡರು.

ಮಿತ್ರರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಆ ಕಾಲದ ಹಾಡುಗಾರರಲ್ಲಿ ಊರಿನ ಹೆಸರು ಇಟ್ಟುಕೊಳ್ಳುವುದು ರೂಢಿಯೇ. ಜೋಹರಾಬಾಯಿ ಅಂಬಾಲೆವಾಲಿ ಇದ್ದರು, ಹೀರಾಬಾಯಿ ಬಡೋದೆಕರ ಇದ್ದರು, ಕೇಸರಬಾಯಿ ಕೇರಕರ ಇದ್ದರು. ನಮ್ಮವರೇ ಆದ ಗಂಗೂಬಾಯಿ ಹಾನಗಲ್ಲ ಇದ್ದರು. ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಹುಡುಗಿ ಪ್ರಭಾತ್ ಕಂಪನಿಯ ಚಿತ್ರದಲ್ಲಿ ಶಾಂತಾ ಹುಬ್ಳೀಕರ ಆಗಿ 1939ರಲ್ಲಿ ದೇಶಕ್ಕೆಲ್ಲ ಪರಿಚಯವಾದರು. ಇವೆಲ್ಲ ಊರಿನ ಹೆಸರು, ಇರುವ ಊರಿನ ಹೆಸರು. ಆದರೆ ಅಮೀರಬಾಯಿ ಬೀಳಗಿ ಅಂತ ಇಟ್ಟುಕೊಳ್ಳಲಿಲ್ಲ, ಬಿಜಾಪುರಕರ ಅಂತಲೂ ಇಟ್ಟುಕೊಳ್ಳಲಿಲ್ಲ. ಕರ್ನಾಟಕಿ ಅಂದರು. 1934ರಲ್ಲಿ ಕರ್ನಾಟಕ ಅನ್ನುವ ರಾಜ್ಯ ಎಲ್ಲಿತ್ತು? ನಕಾಶೆಯಲ್ಲಿ ಇರಲಿಲ್ಲ. ಕನ್ನಡದವರು ಮುಂಬೈ ಇಲಾಖೆ, ಮದ್ರಾಸು ಇಲಾಖೆ, ನಿಜಾಮನ ಸೀಮೆ, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿದ್ದರು. ಕನ್ನಡ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಅದಕ್ಕೆ ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಲೆಕ್ಕ ಹಾಕಿ ನೋಡ್ರಿ, ಸರಕಾರಕ್ಕಿಂತ ಮೂವತ್ತೊಂಬತ್ತು ವರ್ಷ ಮೊದಲೇ ಈ ಹೆಣ್ಣುಮಕ್ಕಳು ಆ ಹೆಸರನ್ನು ಮೈಮೇಲೆ ಹೊತ್ತು ಮುಂಬೈ ಬೀದಿಯಲ್ಲಿ ತಿರುಗಿದ್ದರು.

ಇನ್ನು ಆಗಿನ ಚಿತ್ರರಂಗದ ಸ್ಥಿತಿ. ಮುಂಬೈಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಆಲಂ ಆರಾ ಬಿಡುಗಡೆಯಾದದ್ದು 1931ರ ಮಾರ್ಚ್ 14ರಂದು. ಅಲ್ಲಿಂದ ಚಿತ್ರ ಮಾತಾಡಲು ಕಲಿಯಿತು, ಮಾತಿಗಿಂತ ಹೆಚ್ಚು ಹಾಡಲು ಕಲಿಯಿತು. ಆದರೆ ಬೇರೊಬ್ಬರ ದನಿ ತಂದು ಕೂಡಿಸುವ ವಿದ್ಯೆ ಇನ್ನೂ ಬಂದಿರಲಿಲ್ಲ. ಪಾತ್ರ ಮಾಡುವವರೇ ಕ್ಯಾಮರಾ ಮುಂದೆ ನಿಂತು ಹಾಡಬೇಕು. ತಬಲಾ, ಹಾರ್ಮೋನಿಯಂದವರು ಗಿಡದ ಹಿಂದೆಯೋ ಪರದೆಯ ಹಿಂದೆಯೋ ಅವಿತು ಕೂತು ನುಡಿಸಬೇಕು. ಹೀಗಾಗಿ ಮೂಕಿ ಚಿತ್ರದ ಎಷ್ಟೋ ಚೆಲುವೆಯರ ಅಂಗಡಿ ರಾತ್ರೋರಾತ್ರಿ ಬಾಗಿಲು ಹಾಕಿತು, ನಾಟಕದ ಮನೆಗಳಲ್ಲಿ ಬೆಳೆದ ಹಾಡುವ ಹೆಂಗಸರಿಗೆ ಬಾಗಿಲು ತೆರೆಯಿತು. ಅಮೀರಬಾಯಿ ಒಳಗೆ ಬಂದದ್ದು ಈ ಬಾಗಿಲಿನಿಂದ. ಅವರ ಮೊದಲ ಚಿತ್ರ ವಿಷ್ಣುಭಕ್ತಿ, 1934ರದು. ಅದೇ 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ಬೆಂಗಳೂರಿನಲ್ಲಿ ತೆರೆ ಕಂಡಿತು. ಆ ಕನ್ನಡ ಚಿತ್ರವನ್ನೂ ತೆಗೆದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ ಅನ್ನುವುದನ್ನು ಮರೆಯಬಾರದು. ಕನ್ನಡಕ್ಕೆ ಆಗ ತನ್ನದೇ ಮನೆ ಇರಲಿಲ್ಲ. ಬಾಡಿಗೆ ಮನೆಯಲ್ಲೇ ಹಾಡಬೇಕಿತ್ತು.

ಮೊದಲ ಹತ್ತು ವರ್ಷ ಅಮೀರಬಾಯಿಯವರಿಗೆ ಸುಲಭವಾಗಿರಲಿಲ್ಲ. ಸಣ್ಣ ಪುಟ್ಟ ಪಾತ್ರ, ಒಂದೆರಡು ಹಾಡು, ಮತ್ತೆ ಕಾಯುವುದು. ಈ ನಡುವೆ ಒಂದು ದೊಡ್ಡ ಬದಲಾವಣೆ ಆಯಿತು. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್‌ನವರು ಧೂಪ್ ಛಾಂವ್ ಚಿತ್ರದಲ್ಲಿ ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡು ಆಮೇಲೆ ಚಿತ್ರಕ್ಕೆ ಹೊಂದಿಸುವ ಉಪಾಯ ಮಾಡಿದರು. ಹಿನ್ನೆಲೆ ಗಾಯನ ಹುಟ್ಟಿತು. ಇನ್ನು ಮುಖ ಒಬ್ಬರದು, ದನಿ ಇನ್ನೊಬ್ಬರದು ಆಗಬಹುದಿತ್ತು. ಹಾಡಿಕೊಂಡೇ ಪಾತ್ರ ಮಾಡುತ್ತಿದ್ದ ಕಲಾವಿದೆಗೆ ಇದು ಲಾಭವೂ ಹೌದು, ನಷ್ಟವೂ ಹೌದು. ಕೆಲಸ ಹೆಚ್ಚಾಯಿತು, ಆದರೆ ಆಕೆ ಪರದೆಯ ಹಿಂದೆ ಸರಿದಳು.

1940ರಲ್ಲಿ ವಿಜಯ ಭಟ್ಟರ ನರಸೀ ಭಗತ್ ಚಿತ್ರ ಬಂತು. ವಿಷ್ಣುಪಂತ ಪಾಗ್ನೀಸರು ಗುಜರಾತದ ಸಂತ ಕವಿ ನರಸಿಂಹ ಮೆಹತಾ ಆಗಿದ್ದ ಚಿತ್ರ. ಅದರಲ್ಲಿ ಅಮೀರಬಾಯಿ ವೈಷ್ಣವ ಜನತೋ ಭಜನೆಯನ್ನು ಹಾಡಿದರು. ಗಾಂಧೀಜಿಯವರ ಪ್ರಾರ್ಥನಾ ಸಭೆಗಳಿಂದಾಗಿ ದೇಶಕ್ಕೆಲ್ಲ ಗೊತ್ತಿದ್ದ ಭಜನೆ ಅದು. ಗುಜರಾತಿ ಪದ, ಹಾಡಿದವರು ಬೀಳಗಿಯ ಮುಸಲ್ಮಾನ ಹೆಣ್ಣುಮಗಳು, ಕೇಳಿದವರು ದೇಶದ ಎಲ್ಲ ಭಾಷೆಯವರು. ಪರರ ನೋವನ್ನು ಅರಿತವನೇ ನಿಜವಾದ ಭಕ್ತ ಅನ್ನುವ ಅರ್ಥದ ಪದಕ್ಕೆ ಇದಕ್ಕಿಂತ ಒಳ್ಳೆಯ ಒಪ್ಪ ಸಿಗಲಿಕ್ಕಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮುಂದೆ ಬಂದದ್ದು 1943. ಮಲಾಡಿನಲ್ಲಿದ್ದ ಬಾಂಬೆ ಟಾಕೀಸಿನವರ ಕಿಸ್ಮತ್. ಜ್ಞಾನ ಮುಖರ್ಜಿಯವರ ನಿರ್ದೇಶನ, ಅಶೋಕ ಕುಮಾರ ನಾಯಕ, ಮುಮತಾಜ ಶಾಂತಿ ನಾಯಕಿ, ಅನಿಲ ವಿಶ್ವಾಸರ ಸಂಗೀತ, ಕವಿ ಪ್ರದೀಪರ ಹಾಡುಗಳು. ನಾಯಕಿಯ ಕಂಠ ನಮ್ಮ ಅಮೀರಬಾಯಿ. ಈ ಚಿತ್ರ ಕಲಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲೇ ಮೂರು ವರ್ಷಕ್ಕೂ ಮೇಲೆ ಓಡಿತು. ಒಂದು ಕೋಟಿ ರೂಪಾಯಿ ಗಳಿಸಿದ ಮೊದಲ ಭಾರತೀಯ ಚಿತ್ರ ಅಂತ ಹೆಸರಾಯಿತು. ಕಾಕಾನ ರೇಡಿಯೋದಲ್ಲಿ ನಾನು ಕೇಳಿದ ಮೋಡದ ಹಾಡು ಇದರದೇ. ದೇವರ ಮುಂದೆ ನಿಂತು, ನೀನಲ್ಲದೆ ನನಗೆ ಯಾರಿದ್ದಾರೆ ಅಂತ ಕೇಳುವ ಇನ್ನೊಂದು ಹಾಡೂ ಇದರದೇ.

ಅದೇ ಚಿತ್ರದಲ್ಲಿ ಮತ್ತೊಂದು ಹಾಡಿತ್ತು. ಹಿಂದೂಸ್ಥಾನ ನಮ್ಮದು, ಹೊರಗಿನವರು ದೂರ ಸರಿಯಿರಿ ಅನ್ನುವ ಅರ್ಥದ ಸಮೂಹ ಗೀತೆ. ಚಲೇಜಾವ್ ಚಳವಳಿ ನಡೆದು ಇನ್ನೂ ವರ್ಷವಾಗಿರಲಿಲ್ಲ. ನಾಯಕರೆಲ್ಲ ಜೈಲಿನಲ್ಲಿದ್ದರು. ಅಂಥ ಹೊತ್ತಿನಲ್ಲಿ ಸೆನ್ಸಾರಿನವರು ಈ ಹಾಡನ್ನು ಹೇಗೆ ಬಿಟ್ಟರು ಅಂದರೆ, ಕವಿ ಪ್ರದೀಪರು ಬುದ್ಧಿವಂತಿಕೆಯಿಂದ ಅದರಲ್ಲಿ ಜರ್ಮನಿ, ಜಪಾನುಗಳ ಹೆಸರು ಸೇರಿಸಿದ್ದರು. ಬ್ರಿಟಿಷರಿಗೆ ತಮ್ಮ ವೈರಿಗಳನ್ನು ಬೈದ ಹಾಗೆ ಕಂಡಿತು. ಜನರಿಗೆ ಮಾತ್ರ ಯಾರನ್ನು ಹೊರಗೆ ಹೋಗು ಅನ್ನುತ್ತಿದ್ದಾರೆ ಅಂತ ಸರಿಯಾಗಿ ತಿಳಿಯಿತು. ಸರಕಾರಕ್ಕೆ ತಡವಾಗಿ ಗೊತ್ತಾದಾಗ ಕವಿ ತಲೆಮರೆಸಿಕೊಳ್ಳಬೇಕಾಯಿತು. ಆ ಹಾಡನ್ನು ಖಾನ್ ಮಸ್ತಾನರ ಜತೆ ಹಾಡಿದವರು ಅಮೀರಬಾಯಿ. ನಾವು ಸ್ವಾತಂತ್ರ್ಯದ ಇತಿಹಾಸದ ಪಾಠದಲ್ಲಿ ಕರ್ನಾಟಕದ ವೀರರ ಯಾದಿ ಬಾಯಿಪಾಠ ಮಾಡುತ್ತೇವೆ. ಚಿತ್ರಮಂದಿರದ ಕತ್ತಲೆಯಲ್ಲಿ ದೇಶಕ್ಕೆಲ್ಲ ಆ ಕೂಗು ಕೇಳಿಸಿದ ಕಂಠಗಳಲ್ಲಿ ಒಂದು ಬೀಳಗಿಯದು ಅಂತ ನನಗೆ ಯಾವ ಪುಸ್ತಕವೂ ಹೇಳಲಿಲ್ಲ.

1944ರಲ್ಲಿ ರತನ್. ನೌಷಾದರ ಸಂಗೀತ. ಜೋಹರಾಬಾಯಿ ಅಂಬಾಲೆವಾಲಿ, ಅಮೀರಬಾಯಿ ಕರ್ನಾಟಕಿ, ಇಬ್ಬರ ಹಾಡೂ ಅದರಲ್ಲಿ. ಅಗಲಿಹೋದ ಕಣ್ಣುಗಳ ಬಗ್ಗೆ ಅಮೀರಬಾಯಿ ಹಾಡಿದ ಹಾಡು ಗಲ್ಲಿಗಲ್ಲಿಯ ಚಹಾ ಅಂಗಡಿಯಲ್ಲಿ ಕೇಳಿಸಿತು. ಈ ಚಿತ್ರ ತೆಗೆಯಲು ಆದ ಖರ್ಚಿಗಿಂತ ಅದರ ಗ್ರಾಮಫೋನ್ ಪ್ಲೇಟುಗಳ ಮಾರಾಟದಿಂದ ಬಂದ ರಾಯಲ್ಟಿಯೇ ಎಷ್ಟೋ ಪಟ್ಟು ಹೆಚ್ಚಾಯಿತು ಅನ್ನುವುದು ಪ್ರಸಿದ್ಧ ಸಂಗತಿ. ಕಾಮರ್ಸಿನವನಾದ ನನಗೆ ಇಲ್ಲಿ ಪ್ರಶ್ನೆ ಬರುವುದು ಸಹಜವಲ್ಲವೇ? ಆ ಹಣ ಯಾರ ಖಾತೆಗೆ ಹೋಯಿತು? ಆಗಿನ ಪದ್ಧತಿ ಹೀಗಿತ್ತು. ಹಾಡಿದವರಿಗೆ ಹಾಡಿದ ದಿನ ಒಂದು ಮೊತ್ತ, ಅಲ್ಲಿಗೆ ಲೆಕ್ಕ ಚುಕ್ತಾ. ಪ್ಲೇಟು ಒಂದು ಮಾರಲಿ, ಒಂದು ಲಕ್ಷ ಮಾರಲಿ, ರಾಯಲ್ಟಿ ಚಿತ್ರ ತೆಗೆದವರಿಗೆ. ಹಾಡಿದವರಿಗೆ ಅದರಲ್ಲಿ ಪಾಲಿಲ್ಲ.

ಹಣ ಹೋಗಲಿ, ಹೆಸರಾದರೂ ಬರುತ್ತಿತ್ತೇ? ಆಗಿನ ಎಷ್ಟೋ ಪ್ಲೇಟುಗಳ ಮೇಲೆ ಹಾಡಿದವರ ಹೆಸರಿನ ಬದಲು ಚಿತ್ರದ ಪಾತ್ರದ ಹೆಸರು ಅಚ್ಚಾಗುತ್ತಿತ್ತು. 1949ರಷ್ಟು ಈಚೆಗೆ ಬಂದ ಮಹಲ್ ಚಿತ್ರದ ಪ್ರಸಿದ್ಧ ಹಾಡಿನ ಪ್ಲೇಟಿನ ಮೇಲೆ ಕೂಡ ಕಾಮಿನಿ ಅಂತ ಪಾತ್ರದ ಹೆಸರೇ ಇತ್ತು. ಕೇಳಿದವರು ರೇಡಿಯೋಗೆ ಪತ್ರ ಬರೆದು ಇದು ಯಾರ ದನಿ ಅಂತ ಕೇಳಿದ ಮೇಲೆ ಅದು ಲತಾ ಮಂಗೇಶಕರ ಅಂತ ಜನಕ್ಕೆ ತಿಳಿಯಿತು. ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಒಂದು ಆಸ್ತಿ ಬರುತ್ತದೆ. ಕಣ್ಣಿಗೆ ಕಾಣದ ಆಸ್ತಿ. ಅಂಗಡಿಯ ಹೆಸರಿಗೆ ಇರುವ ಬೆಲೆ. ಹಾಡುವವರ ಹೆಸರೇ ಇಲ್ಲದಿದ್ದರೆ ಅವರ ಗುಡ್‌ವಿಲ್ ಯಾರ ವಹಿಯಲ್ಲಿ ಜಮಾ ಆಗಬೇಕು? ಇಂಥ ಕಾಲದಲ್ಲಿ ಅಮೀರಬಾಯಿ ತಮ್ಮ ಹೆಸರನ್ನು ಉಳಿಸಿಕೊಂಡದ್ದೇ ದೊಡ್ಡ ಮಾತು. ಕನ್ನಡ ಕೋಗಿಲೆ ಅನ್ನುವ ಬಿರುದೂ ಅವರಿಗೆ ಬಂತು.

ಅವರು ಹಿಂದಿಗೆ ಮಾತ್ರ ಕಟ್ಟುಬಿದ್ದವರಲ್ಲ. 1946ರಲ್ಲಿ ರಾಣಕದೇವಿ ಅನ್ನುವ ಗುಜರಾತಿ ಚಿತ್ರ ಬಂತು. ಮುಂದೆ ಹಿಂದಿ ಚಿತ್ರಗಳ ತಾಯಿಯಾಗಿ ನಮಗೆಲ್ಲ ಪರಿಚಿತರಾದ ನಿರೂಪಾ ರಾಯ್ ಮೊದಲು ಬಣ್ಣ ಹಚ್ಚಿದ್ದು ಆ ಚಿತ್ರದಲ್ಲಿ. ಅದರಲ್ಲಿ ಅಮೀರಬಾಯಿ ಹಾಡಿದ, ಒಮ್ಮೆ ನಮ್ಮ ಹಳ್ಳಿಗೆ ಬನ್ನಿ ಅಂತ ಕರೆಯುವ ಹಾಡು ಗುಜರಾತಿಗಳ ಬಾಯಲ್ಲಿ ಜಾನಪದದ ಹಾಗೆ ನಿಂತಿತು. ನಮ್ಮ ಕಾಲೇಜಿನ ಗುಜರಾತಿ ಗೆಳೆಯನೊಬ್ಬನಿಗೆ ಆ ಹಾಡು ಪೂರ್ತಿ ಬರುತ್ತದೆ. ಹಾಡಿದವರು ಕನ್ನಡದವರು ಅಂತ ಹೇಳಿದಾಗ ಅವನು ನಂಬಲೇ ಇಲ್ಲ. ಎರಡು ದಿನ ನಾನು ಸುಳ್ಳುಗಾರ ಅಂತ ಅನ್ನಿಸಿಕೊಂಡೆ.

1947ರಲ್ಲಿ ಸಿ. ರಾಮಚಂದ್ರರ ಸಂಗೀತದ ಶಹನಾಯಿಯಲ್ಲಿ ಅಮೀರಬಾಯಿ ಹಾಡಿದರು. ಅದೇ ವರ್ಷ ಸಿಂದೂರ್ ಬಂತು. 1948ರಲ್ಲಿ ಇನ್ನೂ ದೊಡ್ಡ ಸಾಹಸ ಮಾಡಿದರು. ಶಹನಾಜ್ ಅನ್ನುವ ಚಿತ್ರಕ್ಕೆ ತಾವೇ ಸಂಗೀತ ಕೊಟ್ಟರು. ಹೆಂಗಸರು ಸಂಗೀತ ನಿರ್ದೇಶನ ಮಾಡಿದ ಉದಾಹರಣೆ ಆಗ ಬೆರಳೆಣಿಕೆಯಷ್ಟು. ಜದ್ದನಬಾಯಿ, ಬಾಂಬೆ ಟಾಕೀಸಿನ ಸರಸ್ವತಿದೇವಿ, ಅವರ ಸಾಲಿನಲ್ಲಿ ನಮ್ಮ ಅಮೀರಬಾಯಿ.

ಹಾಡಿನ ಖಾತೆ ಹೀಗೆ ತುಂಬಿದರೂ ಮನೆಯ ಖಾತೆಯಲ್ಲಿ ಸುಖ ಕಡಿಮೆ. ಅವರ ಮೊದಲ ಮದುವೆ ಹಿಮಾಲಯವಾಲಾ ಅನ್ನುವ ನಟನ ಜತೆ ಆಯಿತು. ತೆರೆಯ ಮೇಲೆ ಖಳನ ಪಾತ್ರಕ್ಕೆ ಹೆಸರಾದವರು ಆತ. ಆ ಸಂಸಾರ ಅಮೀರಬಾಯಿಯವರಿಗೆ ಸಂಕಟವನ್ನೇ ಕೊಟ್ಟಿತು. ಕೊನೆಗೆ ಬಿಡುಗಡೆ ಪಡೆದು ಹೊರಬಂದರು. ದೇಶ ಒಡೆದಾಗ ಆತ ಪಾಕಿಸ್ತಾನಕ್ಕೆ ಹೋದರು. ಆಮೇಲೆ ಪಾರಸ್ ಅನ್ನುವ ಪತ್ರಿಕೆಯ ಸಂಪಾದಕರಾದ ಬದ್ರಿ ಕಾಂಚವಾಲಾ ಅವರನ್ನು ಅಮೀರಬಾಯಿ ಮದುವೆಯಾದರು. ಆ ಬಾಳು ನೆಮ್ಮದಿಯದಾಯಿತು. ಹೊರಗೆ ಊರಿಗೆಲ್ಲ ಜೋಗುಳ ಹಾಡಿದ ಕಂಠಕ್ಕೆ ಮನೆಯೊಳಗೆ ನೆಮ್ಮದಿ ಸಿಗಲು ಇಷ್ಟು ತಡವಾಗಬೇಕಿತ್ತೇ ಅನ್ನಿಸುತ್ತದೆ.

ಗೋಹರಬಾಯಿಯ ಕಥೆ ಇನ್ನೊಂದು ಬಗೆಯದು. ಮರಾಠಿ ರಂಗಭೂಮಿಯ ದೇವರಂತಿದ್ದ ಬಾಲಗಂಧರ್ವರ ಹಾಡಿನ ರೀತಿಯನ್ನು ಆಕೆ ಪೂರಾ ಮೈಗೂಡಿಸಿಕೊಂಡಿದ್ದರು. ಜೀವಮಾನವೆಲ್ಲ ಹೆಣ್ಣಿನ ಪಾತ್ರ ಮಾಡಿ ಹೆಣ್ಣುಮಕ್ಕಳೇ ಸೀರೆ ಉಡುವ ರೀತಿ ಕಲಿಯುವ ಹಾಗೆ ಮಾಡಿದ ಆ ಮಹಾನಟನ ಕಂಪನಿಗೆ 1930ರ ದಶಕದ ಕೊನೆಯಲ್ಲಿ ಗೋಹರಬಾಯಿ ಬಂದರು. ಕಂಪನಿ ಸಾಲದಲ್ಲಿ ಮುಳುಗಿದ್ದ ಕಾಲ ಅದು. 1951ರಲ್ಲಿ ಇಬ್ಬರೂ ಮದುವೆಯಾದರು. ಬಾಲಗಂಧರ್ವರ ಅಭಿಮಾನಿಗಳಲ್ಲಿ ಬಹಳ ಜನಕ್ಕೆ ಇದು ಸೇರಲಿಲ್ಲ. ಆಕೆಯನ್ನು ಬೇಕಾದ ಹಾಗೆ ಆಡಿಕೊಂಡರು. ಆದರೆ ಆ ಗಂಧರ್ವ ಮುದುಕರಾಗಿ, ಕಾಲು ಸೋತು, ಕೈ ಬರಿದಾಗಿ ಕೂತಾಗ ಜತೆಗಿದ್ದು ನೋಡಿಕೊಂಡವರು ಈಕೆ. 1964ರಲ್ಲಿ ಗೋಹರಬಾಯಿ ತೀರಿಕೊಂಡರು. ಬಾಲಗಂಧರ್ವರು 1967ರವರೆಗೆ ಬದುಕಿದ್ದರು. ಪುಣೆಯಲ್ಲಿ ಬಾಲಗಂಧರ್ವರ ಹೆಸರಿನ ದೊಡ್ಡ ರಂಗಮಂದಿರ ಇದೆ. ಅದರ ಮುಂದೆ ಹಾದುಹೋಗುವ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೋಹರಬಾಯಿಯ ನೆನಪು ಬರುತ್ತದೋ ಏನೋ.

ಮತ್ತೆ ಅಮೀರಬಾಯಿಯವರ ಕಡೆ ಬರೋಣ. 1949 ಒಂದು ಗಡಿ. ಆ ಒಂದೇ ವರ್ಷ ಮಹಲ್, ಬರಸಾತ್, ಅಂದಾಜ್ ಬಂದವು. ಮೂರರಲ್ಲೂ ಲತಾ ಮಂಗೇಶಕರರ ಹೊಸ ದನಿ. ತೆಳ್ಳಗೆ, ಎತ್ತರಕ್ಕೆ, ಎಲ್ಲ ನಾಯಕಿಯರಿಗೂ ಹೊಂದುವಂಥ ದನಿ. ಮೈಕುಗಳು ಸುಧಾರಿಸಿದ್ದವು. ನಾಟಕದ ರಂಗದ ಮೇಲೆ ಕೊನೆಯ ಸಾಲಿಗೆ ಕೇಳುವ ಹಾಗೆ ಎದೆ ತುಂಬಿ ಹಾಡುವ ಹಳೆಯ ರೀತಿ ಇನ್ನು ಬೇಕಾಗಿರಲಿಲ್ಲ. ಜೋಹರಾಬಾಯಿ, ರಾಜಕುಮಾರಿ, ಅಮೀರಬಾಯಿ, ಇವರ ತುಂಬು ಕಂಠಗಳು ಒಂದೊಂದಾಗಿ ಹಿಂದೆ ಸರಿದವು. ಇದರಲ್ಲಿ ಯಾರ ತಪ್ಪೂ ಇಲ್ಲ. ಕಾಲಕ್ಕೆ ತಕ್ಕ ಸರಕು, ಅಷ್ಟೇ. ಆದರೆ ಸರಕು ಹಳತಾದರೂ ಸರಕು ತಂದವರ ಹೊಟ್ಟೆ ಹಳತಾಗುವುದಿಲ್ಲವಲ್ಲ! ಹಾಡು ಕಡಿಮೆಯಾದ ಮೇಲೆ ಅಮೀರಬಾಯಿ ಮತ್ತೆ ಬಣ್ಣ ಹಚ್ಚಿ ಸಣ್ಣ ಪೋಷಕ ಪಾತ್ರಗಳನ್ನು ಮಾಡಿದರು. ಎಲ್ಲಿ ಶುರು ಮಾಡಿದ್ದರೋ ಅಲ್ಲಿಗೇ ಬಂದು ನಿಂತ ಹಾಗೆ.

ಊರಿನ ಕಡೆಯ ನಂಟನ್ನು ಮಾತ್ರ ಅವರು ಬಿಡಲಿಲ್ಲ. ಬಿಜಾಪುರದಲ್ಲಿ ಅಮೀರ ಟಾಕೀಜ್ ಅನ್ನುವ ಚಿತ್ರಮಂದಿರ ಅವರ ಹೆಸರಿನಲ್ಲೇ ನಡೆಯಿತು. ನಮ್ಮ ಅಜ್ಜ ಸಂತೆಗೆ ಹೋದಾಗ ಅಲ್ಲಿ ಸಿನೆಮಾ ನೋಡಿ ಬರುತ್ತಿದ್ದನಂತೆ. ಯಾರ ಹೆಸರು ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ, ಈಗ ಕೇಳೋಣ ಅಂದರೆ ಅವನೂ ಇಲ್ಲ.

1965ರಲ್ಲಿ ಅಮೀರಬಾಯಿಯವರಿಗೆ ಲಕವಾ ಹೊಡೆಯಿತು. ಹೆಚ್ಚು ದಿನ ಉಳಿಯಲಿಲ್ಲ. ಮಾರ್ಚ್ 3ರಂದು ತೀರಿಕೊಂಡರು. ಕನ್ನಡದ ಮೊದಲ ವಾಕ್ಚಿತ್ರ ತೆರೆ ಕಂಡು ಅಂದಿಗೆ ಸರಿಯಾಗಿ ಮೂವತ್ತೊಂದು ವರ್ಷ. ಬಿಜಾಪುರದ ಮಣ್ಣಿನಲ್ಲೇ ಅವರನ್ನು ಮಣ್ಣು ಮಾಡಿದರು. ಆಗಲೂ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಅಂತ ಆಗಲು ಇನ್ನೂ ಎಂಟು ವರ್ಷ ಬಾಕಿ ಇತ್ತು. ತನ್ನ ಹೆಸರಿನಲ್ಲಿ ಹೊತ್ತ ನಾಡನ್ನು ಆ ಹೆಸರಿನಿಂದ ಕರೆಯುವುದನ್ನು ಆ ಹೆಣ್ಣುಮಗಳು ಕೇಳಲೇ ಇಲ್ಲ.

ಇಷ್ಟು ಅವರ ಜೀವನದ ಲೆಕ್ಕ. ಈಗ ಎರಡೂ ಬದಿ ಕೂಡಿಸುತ್ತೇನೆ. ಅವರಿಂದ ಬಂದದ್ದರ ಬದಿಯಲ್ಲಿ ನೂರಾರು ಹಾಡು, ಮೂರು ವರ್ಷ ಓಡಿದ ಚಿತ್ರ, ಸ್ವಾತಂತ್ರ್ಯದ ಕೂಗು, ಗುಜರಾತಿಗಳ ಹಳ್ಳಿಯ ಹಾಡು, ಒಂದು ಸಂಗೀತ ನಿರ್ದೇಶನ, ಮತ್ತು ಕರ್ನಾಟಕಿ ಅನ್ನುವ ಹೆಸರು. ಅವರಿಗೆ ನಾವು ಕೊಟ್ಟದ್ದರ ಬದಿಯಲ್ಲಿ ಏನು ಬರೆಯಲಿ? ನಮ್ಮ ಸಂಘದಲ್ಲಿ ನವೆಂಬರ್ ತಿಂಗಳಲ್ಲಿ ನಾಡಹಬ್ಬ ಮಾಡುತ್ತೇವೆ. ಕವಿಗಳ ಫೋಟೋ ಇಡುತ್ತೇವೆ, ಹಾರ ಹಾಕುತ್ತೇವೆ. ಇದೇ ಮುಂಬೈಯಲ್ಲಿ ಹಾಡಿ ಬದುಕಿದ ಈ ಹೆಣ್ಣುಮಗಳ ಫೋಟೋ ಒಮ್ಮೆಯೂ ಅಲ್ಲಿ ಇಟ್ಟದ್ದನ್ನು ನಾನು ನೋಡಿಲ್ಲ. ಹಿಂದಿಯಲ್ಲಿ ಹಾಡಿದರು ಅಂತಲೇ? ಮುಸಲ್ಮಾನ ಹೆಸರು ಅಂತಲೇ? ಸಿನೆಮಾದವರು ಅಂತಲೇ? ಬಹುಶಃ ಯಾವುದೂ ಅಲ್ಲ, ನಮಗೆ ಗೊತ್ತೇ ಇರಲಿಲ್ಲ ಅಷ್ಟೇ. ಆದರೆ ಗೊತ್ತಿಲ್ಲದೆ ಉಳಿದ ಸಾಲವೂ ಸಾಲವೇ ಅಂತ ನಮ್ಮ ಅಕೌಂಟೆನ್ಸಿಯ ಗುರುಗಳು ಹೇಳಿಕೊಟ್ಟಿದ್ದಾರೆ.

ನನ್ನದೂ ಒಂದು ಸಣ್ಣ ಸಾಲ ಇತ್ತು. ಹೋದ ತಿಂಗಳು ಪರೀಕ್ಷೆಯ ಅರ್ಜಿ ತುಂಬುವಾಗ ಅದನ್ನು ತೀರಿಸಿದೆ. ಹೆಸರಿನ ಜಾಗದಲ್ಲಿ ಆ ಒಂದೇ ಅಕ್ಷರ ಬಿಟ್ಟು ನಮ್ಮ ಊರಿನ ಹೆಸರನ್ನು ಪೂರ್ತಿ ಬರೆದೆ. ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ಅದನ್ನು ಎರಡು ಸಲ ಓದಿ, ಯಾವ ಊರು ಅಂತ ಕೇಳಿದರು. ಬೀಳಗಿಯ ಹತ್ತಿರ, ಈಗ ನೀರಿನಲ್ಲಿದೆ ಅಂತ ಹೇಳಿದೆ. ಅವರು ತಲೆಯಾಡಿಸಿ ಠಸ್ಸೆ ಒತ್ತಿದರು.

ಈ ನವೆಂಬರಿನ ನಾಡಹಬ್ಬಕ್ಕೆ ಫೋಟೋ ಹುಡುಕುವ ಕೆಲಸ ನನಗೆ ಇರಲಿ ಅಂತ ಕಾರ್ಯದರ್ಶಿಗಳಲ್ಲಿ ವಿನಂತಿ. ಹಾರದ ಖರ್ಚು ಎಲ್ಲರೂ ಸೇರಿ ಹಾಕೋಣ. ಕಾಕಾ ರೇಡಿಯೋ ತರಲು ಒಪ್ಪಿದ್ದಾನೆ.